ಸ್ಕಾರ್ಫಿನ ಗಂಟು

ಸಿಮೆಂಟಿನ ತುಂಡು ಪ್ಯಾಂಟಿನ ಬಲಜೇಬಿನಲ್ಲಿತ್ತು. ಕೂತರೆ ತೊಡೆಗೆ ಒತ್ತುತ್ತದೆಂದು ರುದ್ರಸ್ವಾಮಿ ನಿಂತೇ ಕಾಫಿ ಕುಡಿಯುತ್ತಿದ್ದ. ಹಜಾರದ ಮೂಲೆಯಲ್ಲಿ ಹೆಂಡತಿ ಪ್ರೇಮಲೀಲಾ ಅವನ ಖಾಕಿ ಶರಟಿಗೆ ಇಸ್ತ್ರಿ ಹಾಕುತ್ತ, "ಕೂತ್ಕೊಂಡು ಕುಡೀಬಾರ್ದೇನ್ರೀ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಅಂದಳು. ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಬೆಳಗಿನ ಐದೂಮುಕ್ಕಾಲಿಗೆ ಚಾಮರಾಜಪುರಂನ ಆ ಪುಟ್ಟ ಪಾರ್ಕಿನಿಂದ ಅವನು ಮನೆಗೆ ನಡೆದು ಬಂದದ್ದನ್ನು ಒಂದು ಹಾಲಿನ ವ್ಯಾನು, ಎರಡು ನಾಯಿ ಬಿಟ್ಟರೆ ಇನ್ಯಾರೂ ನೋಡಿರಲಿಲ್ಲ. ಸುತ್ತಿಗೆಯನ್ನು ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ಅದರ ಜಾಗದಲ್ಲೇ ಇಟ್ಟಿದ್ದ. ಸೋಪು ಹಚ್ಚಿ ಕೈ ತೊಳೆದಿದ್ದ. ಆದರೂ ಹೆಂಡತಿಯ ಕಣ್ಣು ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು. "ಉಗುರಲ್ಲಿ ಏನದು, ಸುಣ್ಣ?" "ವಾಕಿಂಗಲ್ಲಿ ಕಾಲು ಜಾರ್ತು. ಯಾರ್ದೋ ಕಾಂಪೌಂಡ್ ಗೋಡೆ ಹಿಡ್ಕೊಂಡೆ." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ನಾಚಿಕೆಯಾಯಿತು. ಮೂವತ್ತನಾಲ್ಕು ವರ್ಷ ವಿಜ್ಞಾನದ ಮೇಷ್ಟ್ರಾಗಿ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವನು. ಅವನ ಸುಳ್ಳನ್ನು ಮಾತ್ರ ಈ ಮನೆಯಲ್ಲಿ ಯಾರೂ ಯಾವತ್ತೂ ಹಿಡಿದಿರಲಿಲ್ಲ. ಪ್ರೇಮಲೀಲಾ, "ನೋಡ್ಕೊಂಡು ನಡೀರಿ. ಇವತ್ತೇ ಬಿದ್ದು ಕೈಕಾಲು ಮುರ್ಕೊಂಡ್ರೆ ಸನ್ಮಾನ ಯಾರಿಗೆ ಮಾಡ್ತಾರೆ?" ಅಂದು ನೀಲಿ ಸ್ಕಾರ್ಫನ್ನು ಮಡಚಿದಳು. ಅದರ ತುದಿಗೆ ತಾನೇ ಒಂದು ಗಂಟು ಹಾಕಿದಳು. "ಬೆಳಿಗ್ಗೆ ಹಾಕ್ಬೇಕಲ್ವಾ ಇದನ್ನ? ನೀವೇ ಹೇಳ್ತಿದ್ರಿ."

ಹೌದು, ಬೆಳಿಗ್ಗೆಯೇ ಹಾಕಬೇಕು. ಬಾಲಸೇವಾ ದಳದಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ ಅದು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪ್ರತಿ ಹುಡುಗನೂ ಕೊರಳ ಸ್ಕಾರ್ಫಿನ ತುದಿಗೆ ಗಂಟು ಹಾಕಿಕೊಳ್ಳಬೇಕು. ಸಂಜೆಯೊಳಗೆ ಒಂದು ಒಳ್ಳೆಯ ಕೆಲಸ ಮಾಡಬೇಕು. ಯಾರದೋ ಬಿಂದಿಗೆ ಹೊತ್ತುಕೊಡು, ಕುರುಡರನ್ನು ರಸ್ತೆ ದಾಟಿಸು, ಏನಾದರೂ ಸರಿ. ಸಂಜೆ ನಾಯಕನ ಮುಂದೆ ನಿಂತು ಹೇಳಿದರೆ ಅವನು ಒಪ್ಪಿ ಗಂಟು ಬಿಚ್ಚುತ್ತಾನೆ. ಒಪ್ಪದಿದ್ದರೆ ಆ ಹುಡುಗ ಸಾಲು ಓಡಬೇಕು. ಉಳಿದವರು ಎರಡು ಸಾಲಾಗಿ ಎದುರುಬದುರು ನಿಂತು, ಕೊರಳಿನಿಂದ ಸ್ಕಾರ್ಫ್ ತೆಗೆದು, ಗಂಟಿನ ತುದಿ ಬೀಸಿ, ಮಧ್ಯೆ ಓಡುವವನ ಬೆನ್ನಿಗೆ ಒಂದೊಂದು ಬಾರಿಸುತ್ತಾರೆ. ಸಾಲಿನ ಕೊನೆಯಲ್ಲಿ ನಾಯಕ. ಕೊನೆಯ ಏಟು ಅವನದು. ಬಟ್ಟೆಯ ಗಂಟಿಗೆ ಎಷ್ಟು ಜೋರಿದ್ದೀತು? ಚುರುಕ್ ಅನ್ನುತ್ತಿತ್ತು, ಅಷ್ಟೇ. ಓಡಿದವನೂ ನಗುತ್ತಿದ್ದ, ಹೊಡೆದವರೂ ನಗುತ್ತಿದ್ದರು. ಈಗ ಸಾಲು ಇಲ್ಲ. ಈಗ ಮಕ್ಕಳ ಮೈ ಮುಟ್ಟಿದರೆ ಪೊಲೀಸು, ಪೇಪರು. ಗಂಟೊಂದು ಉಳಿದುಕೊಂಡಿದೆ. ಪ್ರೇಮಲೀಲಾ ಹಾಕಿದ ಗಂಟು ಸಡಿಲವಾಗಿ, ಮಲ್ಲಿಗೆ ಮೊಗ್ಗಿನಷ್ಟಿತ್ತು. ಬಟ್ಟೆಯ ಗಂಟು ಇರಬೇಕಾದದ್ದು ಅಷ್ಟೇ.

ಪ್ರತಿಮೆಯ ಗಂಟು ಹಾಗಿರಲಿಲ್ಲ. ದಳಕ್ಕೆ ಎಪ್ಪತ್ತೈದು ತುಂಬುತ್ತದೆಂದು ಅಧ್ಯಕ್ಷ ಪ್ರದ್ಯುಮ್ನ ಊರೆಲ್ಲ ಓಡಾಡಿ, ದಳದ ಮೈದಾನದ ಎದುರಿನ ತ್ರಿಕೋನ ಪಾರ್ಕಿನಲ್ಲಿ ಆ ಪ್ರತಿಮೆ ನಿಲ್ಲಿಸಿ ಎರಡು ತಿಂಗಳಾಗಿತ್ತು. ಹದಿನಾರರ ಹುಡುಗ, ಚಡ್ಡಿ, ಎದೆಯುಬ್ಬಿಸಿ ಸೆಲ್ಯೂಟು, ಕೊರಳಲ್ಲಿ ಸ್ಕಾರ್ಫು. ಒಳಗೆ ಸಿಮೆಂಟು, ಮೇಲೆ ಕಂಚಿನ ಬಣ್ಣ. ಮಾದರಿಗೆಂದು ದಳದ ಕಪಾಟು ಜಾಲಾಡಿದಾಗ ಸಿಕ್ಕಿದ್ದು ಎಪ್ಪತ್ತೆಂಟನೇ ಇಸವಿಯ ಶಿಬಿರದ ಒಂದು ಫೋಟೋ, ಅದರಲ್ಲಿದ್ದವನು ರುದ್ರಸ್ವಾಮಿ. ನಗರದ ಸ್ಟುಡಿಯೋದವನನ್ನು ಕರೆಸಿ ಬೆಳಿಗ್ಗೆ ಬಾವುಟದ ಕಂಬದ ಹತ್ತಿರ ತೆಗೆಸಿದ್ದು. ಅನಾವರಣದ ದಿನ ಎಲ್ಲರೂ ಪ್ರತಿಮೆಯನ್ನೂ ಅವನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, "ಸಾರ್, ಕೂದ್ಲು ಒಂದು ಬಿಟ್ರೆ ಎಲ್ಲಾ ಹಾಗೇ ಇದೆ" ಎಂದು ಕಾಲೆಳೆದರು. ಪ್ರೇಮಲೀಲಾ ಕಣ್ಣೊರೆಸಿಕೊಂಡಳು. ಶಿಲ್ಪಿ ಹತ್ತಿರ ಬಂದು, "ಫೋಟೋದಲ್ಲಿ ಇದ್ದಂಗೇ ತೆಗ್ದಿದೀನಿ ಸಾರ್. ಗಂಟು ಸ್ವಲ್ಪ ದಪ್ಪ ಅನ್ನಿಸ್ತು. ಆದ್ರೂ ಕೈಯಾಡಿಸ್ಲಿಲ್ಲ, ಇದ್ದದ್ದು ಇದ್ದಂಗಿರ್ಲಿ ಅಂತ" ಅಂದ. ರುದ್ರಸ್ವಾಮಿ ತಲೆಯೆತ್ತಿ ಪ್ರತಿಮೆಯನ್ನು ನೋಡಿದ. ಎದೆಯ ಮೇಲೆ ಆ ಗಂಟು ನೆಲ್ಲಿಕಾಯಿಯ ಗಾತ್ರಕ್ಕೆ ಊದಿಕೊಂಡು ಕೂತಿತ್ತು. ಒಳಗೆ ಕಲ್ಲಿದೆ ಅಂತ ಕೂಗಿ ಹೇಳುವ ಹಾಗಿತ್ತು. ಯಾರಿಗೂ ಕೇಳಿಸಲಿಲ್ಲ. ವಾರದೊಳಗೆ ಅವನು ನೆನಪಿಗೆ ಬೇಕೆಂದು ಫೋಟೋ ಇಸಿದುಕೊಂಡು ಬಂದು, ಬಚ್ಚಲ ಒಲೆಯ ಬೆಂಕಿಗೆ ಹಾಕಿ, ಅದು ಮುರುಟಿಕೊಳ್ಳುವವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ನಲವತ್ತಾರು ವರ್ಷ ಬದುಕಿಕೊಂಡಿರಲಿಲ್ಲವೇ. ಆದರೆ ಅನಾವರಣವಾದ ಮೂರನೇ ದಿನಕ್ಕೆ ಗೋವಿಂದರಾಜು ಪಾರ್ಕಿಗೆ ಬರತೊಡಗಿದ. ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯ ಬಾಯಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಅವನ ತಾತ ಅರಮನೆಯಲ್ಲಿ ಗಡಿಯಾರಗಳಿಗೆ ಕೀಲಿ ಕೊಡುವ ಕೆಲಸದಲ್ಲಿದ್ದರಂತೆ. ಆ ಅಂಗಡಿಯ ಮುಂದೆ ಹಾದು ಹೋಗಬೇಕಾದಾಗಲೆಲ್ಲ ರುದ್ರಸ್ವಾಮಿ ಇನ್ನೊಂದು ಬೀದಿ ಹಿಡಿಯುತ್ತಿದ್ದ. ಒಮ್ಮೆ ತಪ್ಪಿ ಹೋದಾಗ ಗಾಜಿನ ಪೆಟ್ಟಿಗೆಯ ಹಿಂದೆ ಅವನು ಒಂದು ವಾಚನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದುದು ಕಂಡಿತ್ತು. ಬಲಗಿವಿಗೇ, ಎಡಗಿವಿಗಲ್ಲ. ಈಗ ಅವನು ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಸೈಕಲ್ ತುಳಿದುಕೊಂಡು ಬಂದು ಪಾರ್ಕಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಪ್ರತಿಮೆಯನ್ನು ನೋಡುತ್ತಿದ್ದ. ಬೈಯಲಿಲ್ಲ, ಕಲ್ಲೆಸೆಯಲಿಲ್ಲ, ಯಾರ ಹತ್ತಿರವೂ ಮಾತಾಡಲಿಲ್ಲ. ರುದ್ರಸ್ವಾಮಿ ಎದುರಿನ ಮೆಡಿಕಲ್ ಸ್ಟೋರಿನ ನೆರಳಲ್ಲಿ ನಿಂತು ಅವನನ್ನು ನೋಡುತ್ತಿದ್ದ. ಉಗಿಯಬಾರದೇ ನನ್ನ ಮುಖಕ್ಕೆ, ಒಂದು ಸಲ ಉಗಿದು ಮುಗಿಸಬಾರದೇ ಅನ್ನಿಸುತ್ತಿತ್ತು. ಹದಿನೈದು ದಿನದ ಹಿಂದೆ ಗೋವಿಂದರಾಜು ಹತ್ತು ಹನ್ನೊಂದು ವರ್ಷದ ಒಂದು ಹುಡುಗಿಯನ್ನು ಕರೆದುಕೊಂಡು ಬಂದ. ಮೊಮ್ಮಗಳಿರಬೇಕು. ಪ್ರತಿಮೆಯ ಎದೆಯ ಕಡೆ ಬೆರಳು ತೋರಿಸಿ ಏನೋ ಹೇಳಿದ. ಹುಡುಗಿ ಪೀಠ ಹತ್ತಿ ಗಂಟನ್ನು ಮುಟ್ಟಿ ನೋಡಿ, ತಿರುಗಿ ತಾತನಿಗೆ ಏನೋ ಅಂದಳು. ರಸ್ತೆಯ ಈಚೆಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೆ ವಾಸಿಯಿತ್ತು. ಅವತ್ತಿನಿಂದ ಹದಿನೈದು ದಿನ ಆ ಹುಡುಗಿ ಅವನ ತಲೆಯೊಳಗೆ ಬಗೆಬಗೆಯಾಗಿ ಮಾತಾಡಿದಳು.

ಹಾಗಾಗಿ ಇವತ್ತು, ದಳದ ಸಂಸ್ಥಾಪನಾ ದಿನ, ಎಲ್ಲರೂ ಹಾರ ಹಾಕಲು ಬರುವ ಮುಂಚೆ ಅವನು ಸುತ್ತಿಗೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋಗಿದ್ದ. ಒಂದೇ ಏಟಿಗೆ ಬೀಳುತ್ತದೆ ಅಂದುಕೊಂಡಿದ್ದ. ಮೊದಲ ಏಟು ತಪ್ಪಿ ಎದೆಗೆ ಬಿತ್ತು, ಕಂಚಿನ ಬಣ್ಣ ಸಿಡಿದು ಬಿಳಿಯ ಗುಳಿ ಬಿತ್ತು. ಎರಡನೆಯದು ಗದ್ದಕ್ಕೆ. ತನ್ನ ಹದಿನಾರರ ಗದ್ದಕ್ಕೆ. ಆಗ ಒಂದು ಥರದ ಹುರುಪು ಬಂತು. ಅದನ್ನು ನೆನೆದರೆ ಈಗಲೂ ಅವನ ಮೈ ಬಿಸಿಯಾಗುತ್ತದೆ. ಸೆಲ್ಯೂಟು ಹೊಡೆದು ನಿಂತ ಆ ಮುಖಕ್ಕೆ ಇನ್ನೊಂದು, ಮತ್ತೊಂದು, ಮೂಗು ಹೋಗಲಿ, ಕಣ್ಣು ಹೋಗಲಿ, ಪುಡಿಪುಡಿಯಾಗಲಿ ಎಂದು ಕೈ ತನ್ನಷ್ಟಕ್ಕೆ ಏಳುತ್ತಿತ್ತು. ತಡೆದುಕೊಂಡ. ಗಂಟಿನ ಬುಡಕ್ಕೆ ಸರಿಯಾಗಿ ಗುರಿಯಿಟ್ಟು ಹೊಡೆದ. ಅದು ಕಳಚಿ ಹುಲ್ಲಿನ ಮೇಲೆ ಬಿತ್ತು. ಹೆಕ್ಕಿದ. ಎಸೆದು ಬರಬೇಕಿತ್ತು, ದಾರಿಯಲ್ಲಿ ಚರಂಡಿಗೇನು ಬರವೇ. ಜೇಬಿಗೆ ಹಾಕಿಕೊಂಡ. ಯಾಕೆಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಅವತ್ತಿನ ಕಲ್ಲನ್ನು ಎಸೆದಿದ್ದ. ಶಿಬಿರದ ಪಕ್ಕದ ಹಳ್ಳಕ್ಕೆ, ಎಲ್ಲರೂ ಗೋವಿಂದರಾಜುವಿನ ಸುತ್ತ ಬಗ್ಗಿ ನಿಂತಿದ್ದಾಗ, ಬೆನ್ನ ಹಿಂದೆ ಕೈ ಇಟ್ಟುಕೊಂಡೇ ಗಂಟು ಬಿಚ್ಚಿ ಎಸೆದಿದ್ದ.

ಅದರ ಹಿಂದಿನ ದಿನ ಸಂಜೆ ರುದ್ರಸ್ವಾಮಿ, ನಾಯಕ, ತನ್ನ ಗಂಟನ್ನು ತಾನೇ ಬಿಚ್ಚಿಕೊಂಡು, ಬೆಟ್ಟದ ತಪ್ಪಲಿನ ಗುಡಿಸಲಿನ ಮುದುಕಿಯೊಬ್ಬಳಿಗೆ ಸೌದೆ ಹೊತ್ತುಕೊಟ್ಟೆ ಅಂದಿದ್ದ. ಸಾಲಿನಿಂದ ಗೋವಿಂದರಾಜು, ಹದಿಮೂರರ ಕಡ್ಡಿಪೈಲ್ವಾನ, "ಇಲ್ಲ ಸಾರ್, ಇವ್ನು ಮಧ್ಯಾಹ್ನವೆಲ್ಲಾ ಮರದ ಕೆಳಗೆ ಮಲಗಿದ್ದ, ನಾನು ನೋಡ್ದೆ" ಅಂದುಬಿಟ್ಟ. ಹೊಟ್ಟೆಕಿಚ್ಚಿನಿಂದಲ್ಲ. ಕಂಡದ್ದನ್ನು ಹೇಳಿಬಿಡುವ ಜಾತಿಯವನು, ಅಷ್ಟೇ. ಶಿಬಿರದ ಮೇಷ್ಟ್ರು ನಕ್ಕು, "ನಾಯಕರೇ, ಓಡಿ" ಅಂದರು. ನಾಯಕ ಸಾಲು ಓಡುವುದೆಂದರೆ ಹುಡುಗರಿಗೆ ಹಬ್ಬ. ನಲವತ್ತು ಗಂಟು ಬೆನ್ನ ಮೇಲೆ ಬಿದ್ದವು. ನೋಯಲಿಲ್ಲ. ಆದರೆ ಓಡುವಾಗ ಅವನ ಚಡ್ಡಿಯ ಗುಂಡಿ ಕಿತ್ತು ಬಂದು, ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಕುಂಟಬೇಕಾಯಿತು. ಆ ನಗು. ಎಲ್ಲಕ್ಕಿಂತ ಗಟ್ಟಿಯಾಗಿ ಗೋವಿಂದರಾಜುವೇ ನಕ್ಕಂತೆ ಕೇಳಿಸಿತು. ಮಾರನೆಯ ಬೆಳಿಗ್ಗೆ ಹಳ್ಳದಲ್ಲಿ ಮುಖ ತೊಳೆಯುವಾಗ ಒಂದು ನುಣುಪು ಕಲ್ಲನ್ನು ಆರಿಸಿ, ಸ್ಕಾರ್ಫಿನ ತುದಿಯಲ್ಲಿಟ್ಟು, ಸುತ್ತಿ, ಹಲ್ಲಿನಿಂದ ಕಚ್ಚಿ ಎಳೆದು ಗಂಟು ಬಿಗಿ ಮಾಡಿದ. ಆಮೇಲೆ ಸ್ಟುಡಿಯೋದವನು ಬಂದ. ಬಾವುಟದ ಕಂಬದ ಹತ್ತಿರ ನಿಲ್ಲಿಸಿ, "ಎದೆ ಎತ್ತಪ್ಪಾ" ಅಂದ. ಎತ್ತಿದ. ಇಡೀ ದಿನ ಕಲ್ಲು ಎದೆಗೆ ತಾಗುತ್ತಲೇ ಇತ್ತು. ಬಿಚ್ಚಿ ಎಸೆಯಲು ಇಡೀ ದಿನ ಅವಕಾಶವಿತ್ತು. ಸಂಜೆ ಗೋವಿಂದರಾಜು ಮುಂದೆ ಬಂದು, ದಾರಿಯಲ್ಲಿ ಬಿದ್ದಿದ್ದ ಒಂದು ಕರುವಿನ ಕಾಲಿನ ಮುಳ್ಳು ತೆಗೆದೆ ಅಂದ. ರುದ್ರಸ್ವಾಮಿ, "ಸಾಕ್ಷಿ ಯಾರು?" ಅಂದ. ಅಲ್ಲಿಯವರೆಗೆ ದಳದಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. ಹುಡುಗ ಸುತ್ತ ನೋಡಿ, "ಕರು" ಅಂದ. ಎಲ್ಲರೂ ನಕ್ಕರು. ಅವನೂ ನಗುತ್ತಲೇ ಓಡಿ ಬಂದ. ಸಾಲಿನ ಕೊನೆಯಲ್ಲಿ ರುದ್ರಸ್ವಾಮಿ, ಬೀಸಲು ಜಾಗ ಬೇಕೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಹಜಾರದಲ್ಲಿ ಫೋನು ರಿಂಗಾಯಿತು. ಪ್ರದ್ಯುಮ್ನ. "ಸಾರ್, ಬೇಗ ಬನ್ನಿ ಸಾರ್ ಪಾರ್ಕಿಗೆ. ಯಾವನೋ ಪ್ರತಿಮೆ ಒಡೆದುಹಾಕ್ಬಿಟ್ಟಿದಾನೆ. ನಿಮ್ಮ ಪ್ರತಿಮೆ ಸಾರ್." ರುದ್ರಸ್ವಾಮಿ ಎಷ್ಟು ಬೇಕೋ ಅಷ್ಟು ಗಾಬರಿಯನ್ನು ದನಿಗೆ ತಂದುಕೊಂಡು, "ಅಯ್ಯೋ, ಯಾರಂತೆ?" ಅಂದ. "ಸಿಕ್ಕಿಬಿದ್ದಿದಾನೆ ಸಾರ್. ಅದ್ರ ಮುಂದೇನೇ ಕೂತಿದ್ದ, ಮುಟ್ಕೊಂಡು ನೋಡ್ತಾ. ದಿನಾ ಬಂದು ಹೊಂಚು ಹಾಕ್ತಿದ್ನಂತೆ. ಕೇಳಿದ್ರೆ ಬಾಯೇ ಬಿಡ್ತಾ ಇಲ್ಲ. ನಮ್ಮೋರು ಸ್ವಲ್ಪ ವಿಚಾರಿಸ್ಕೊತಾ ಇದಾರೆ." ಹಿಂದಿನಿಂದ ಏನೋ ಬಿದ್ದ ಸದ್ದು, ಯಾರೋ ನರಳಿದ ಸದ್ದು. ರುದ್ರಸ್ವಾಮಿ ಶರಟು ಹಾಕಿಕೊಂಡ, ಸ್ಕಾರ್ಫು ಕೊರಳಿಗೆ ಸುತ್ತಿಕೊಂಡ. ಪ್ರೇಮಲೀಲಾ, "ನಾನೂ ಬರ್ಲಾ?" ಅಂದಳು. "ಬೇಡ" ಎಂದು ಗದರಿದ. ಅವಳು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಬಾಗಿಲವರೆಗೆ ಬಂದಳು.

ಪಾರ್ಕಿನ ಗೇಟಿನಿಂದ ಪೀಠದವರೆಗೆ ಒಂದು ಕಿರಿದಾದ ಸಿಮೆಂಟು ದಾರಿ. ಅದರ ಎರಡೂ ಬದಿಗೆ ದಳದವರು ನಿಂತಿದ್ದರು. ಯಾರೂ ಸಾಲು ಕಟ್ಟಿಸಿರಲಿಲ್ಲ. ಹುಲ್ಲಿನಲ್ಲಿ ಇಬ್ಬನಿಯಿತ್ತು, ಷೂ ಒದ್ದೆಯಾಗುತ್ತದೆಂದು ಅಂಚಿನಲ್ಲಿ ನಿಂತಿದ್ದರು, ಅದು ತಾನಾಗಿ ಸಾಲಾಗಿತ್ತು. ಸಂಸಾರವಂದಿಗರು, ಬ್ಯಾಂಕಿನವರು, ವಕೀಲರು, ಹೊಟ್ಟೆ ಬಂದ ಖಾಕಿಗಳು. ಕೊನೆಯಲ್ಲಿ ಪೀಠಕ್ಕೆ ಒರಗಿಸಿ ಗೋವಿಂದರಾಜುವನ್ನು ಕೂರಿಸಿದ್ದರು. ಶರಟಿನ ತೋಳು ಹರಿದಿತ್ತು. ಕನ್ನಡಕದ ಒಂದು ಗಾಜು ಇರಲಿಲ್ಲ. ಮೂಗಿನಿಂದ ರಕ್ತ ಇಳಿದು ಬಿಳಿಯ ಮೀಸೆಯಲ್ಲಿ ಹೆಪ್ಪುಗಟ್ಟಿತ್ತು. ಒಬ್ಬ ಧಡೂತಿ ಆಸಾಮಿ ಅವನ ಎಡಕ್ಕೆ ಬಗ್ಗಿ, "ಯಾಕೋ ಒಡೆದೆ, ಬೊಗಳೋ" ಎಂದು ಕಿವಿಯಲ್ಲೇ ಕೂಗುತ್ತಿದ್ದ. ಗೋವಿಂದರಾಜು ಅವನ ಕಡೆ ತಿರುಗಲೇ ಇಲ್ಲ. "ನೋಡಿ ಕೊಬ್ಬು, ಮಾತಾಡ್ಸಿದ್ರೆ ಮುಖ ತಿರುಗಿಸಲ್ಲ" ಎಂದು ಆಸಾಮಿ ಕೆನ್ನೆಗೆ ಬಾರಿಸಿದ. ತಲೆ ಹಿಂದಕ್ಕೆ ಹೋಗಿ ಪೀಠಕ್ಕೆ ಬಡಿಯಿತು. ಆ ಸದ್ದು ರುದ್ರಸ್ವಾಮಿಯ ಹಲ್ಲಿನವರೆಗೂ ಬಂತು. ಇನ್ನೊಬ್ಬ ಸ್ಕಾರ್ಫು ಬಿಚ್ಚಿ ಅದರಿಂದಲೇ ಬೆನ್ನಿಗೆ, ತೋಳಿಗೆ ಬೀಸುತ್ತಿದ್ದ, ಲಾಯರು, ಶಾಲೆಯಲ್ಲಿ ರುದ್ರಸ್ವಾಮಿಯ ಶಿಷ್ಯ, ಒಳ್ಳೆಯ ಅಂಕದವನು. ಅವರ ಮುಖದಲ್ಲಿ ಕೋಪಕ್ಕಿಂತ ಹುರುಪಿತ್ತು. ಅದು ಯಾವ ಹುರುಪು ಎಂದು ರುದ್ರಸ್ವಾಮಿಗೆ ಗೊತ್ತಿತ್ತು. ಮೂರು ಗಂಟೆಯ ಹಿಂದೆ ಇದೇ ಜಾಗದಲ್ಲಿ ಅವನ ಮೈಯಲ್ಲೂ ಅದು ಇತ್ತು. ಅವನು ಗೇಟಿನಿಂದ ನಡೆದು ಬಂದ. ಸಾಲಿನವರು ಕೈ ಮುಗಿದು ದಾರಿ ಬಿಟ್ಟರು.

ಗೋವಿಂದರಾಜು ತಲೆಯೆತ್ತಿ ಅವನನ್ನು ನೋಡಿದ. ಒಡೆದ ಕನ್ನಡಕದ ಹಿಂದಿನ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ದ್ವೇಷವೂ ಕಾಣಲಿಲ್ಲ. ಸಾಕ್ಷಿ ಹೇಳಲು ಕರೆಸಿದವನನ್ನು ಕೋರ್ಟಿನಲ್ಲಿ ನೋಡುವ ಹಾಗೆ, ಈಗ ಇವನೇನು ಹೇಳುತ್ತಾನೆ ನೋಡೋಣ ಎಂಬಂತೆ ನೋಡಿದ. ರುದ್ರಸ್ವಾಮಿಯ ಬಲಗೈ ಜೇಬಿನಲ್ಲಿತ್ತು, ತುಂಡನ್ನು ಹಿಡಿದಿತ್ತು. ಈ ಕೈಯನ್ನು ಹೊರಗೆ ತೆಗೆದರೆ ಮುಗಿಯಿತು, ಇನ್ನೊಂದು ಮಾತೇ ಬೇಡ, ಎಂದು ಅವನಿಗೆ ಬಹಳ ಸ್ಪಷ್ಟವಾಗಿ ಗೊತ್ತಿತ್ತು. ಬಾಯಿ ತೆಗೆದ. "ಪ್ರದ್ಯುಮ್ನ, ಬಿಡಿ ಅವರನ್ನ. ಅದನ್ನ ಒಡೆದದ್ದು ನಾನು."

ಸ್ಕಾರ್ಫು ಬೀಸುತ್ತಿದ್ದವನ ಕೈ ನಿಂತಿತು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಪ್ರದ್ಯುಮ್ನ ರುದ್ರಸ್ವಾಮಿಯ ಮುಖವನ್ನೇ ನೋಡಿದ, ಅವನ ಕಣ್ಣು ತುಂಬಿ ಬಂತು. "ನೋಡಿದ್ರೇನ್ರಪ್ಪಾ" ಎಂದು ಎಲ್ಲರ ಕಡೆ ತಿರುಗಿದ. "ಇದು ದಳ ಅಂದ್ರೆ. ತನ್ನ ಪ್ರತಿಮೆ ಒಡೆದವನನ್ನೇ ಉಳಿಸೋಕೆ ತಪ್ಪನ್ನ ತನ್ನ ಮೈಮೇಲೆ ಎಳ್ಕೊತಿದಾರೆ. ನಾವಿಲ್ಲಿ ಪ್ರಾಣಿಗಳ ಥರ ಹೊಡೀತಾ ನಿಂತಿದೀವಿ." ಲಾಯರು ತಲೆ ತಗ್ಗಿಸಿದ. "ಇಲ್ಲ ಪ್ರದ್ಯುಮ್ನ, ನಿಜವಾಗ್ಲೂ ನಾನೇ. ಸುತ್ತಿಗೆ ತಗೊಂಡು ಬೆಳಿಗ್ಗೆ…" "ಸಾಕು ಸಾರ್. ನಿಮ್ಮ ಪ್ರತಿಮೆನ ನೀವೇ ಒಡ್ಕೋತೀರಾ? ಚಿಕ್ಕ ಮಗೂನೂ ನಂಬಲ್ಲ." ಯಾರೋ ಚಪ್ಪಾಳೆ ಶುರು ಮಾಡಿದರು. ಪ್ರದ್ಯುಮ್ನ ಹತ್ತಿರ ಬಂದು, ರುದ್ರಸ್ವಾಮಿಯ ಎದೆಯ ಮೇಲಿನ ಸ್ಕಾರ್ಫಿನ ತುದಿ ಹಿಡಿದು, ಪ್ರೇಮಲೀಲಾ ಹಾಕಿದ್ದ ಸಡಿಲ ಗಂಟನ್ನು ಎರಡು ಬೆರಳಿನಲ್ಲಿ ಬಿಚ್ಚಿದ. "ಇವತ್ತಿನ ಒಳ್ಳೆ ಕೆಲಸ ಆಯ್ತು ಸಾರ್. ನಾವೆಲ್ಲಾ ಸಾಕ್ಷಿ." ಚಪ್ಪಾಳೆ ಜೋರಾಯಿತು. ರುದ್ರಸ್ವಾಮಿಗೆ ಎದೆಯೆಲ್ಲ ಹಗುರಾಯಿತು. ಹೇಳಿದ್ದೇನಲ್ಲ, ಇನ್ನೇನು ಮಾಡಲಿ, ನಂಬದಿದ್ದರೆ ನಾನೇನು ಮಾಡಲಿ. ಆ ಹಗುರ ಅವನಿಗೆ ಬೇಕಾಗಿತ್ತು, ಅದಕ್ಕಾಗಿಯೇ ಕೈಯನ್ನು ಜೇಬಿನಲ್ಲಿಟ್ಟುಕೊಂಡದ್ದು ಎಂಬುದೂ ಅವನಿಗೆ ತಿಳಿದಿತ್ತು. ತಿಳಿದೂ ಹಗುರವೇ ಅನ್ನಿಸಿತು. ಪ್ರದ್ಯುಮ್ನ ದನಿ ತಗ್ಗಿಸಿ, "ಶಿಲ್ಪಿಗೆ ಫೋನ್ ಮಾಡಿದೀನಿ ಸಾರ್. ನಾಳೆನೇ ಹೊಸ ಗಂಟು ಕೂರಿಸ್ತಾರೆ. ಈ ಸಲ ಚಿಕ್ಕದಾಗಿ, ನೀಟಾಗಿ ಮಾಡಿ ಅಂದೆ. ಮೊದಲ್ನೇದು ವಿಪರೀತ ದಪ್ಪ ಇತ್ತು" ಅಂದ. ಎಲ್ಲರೂ ರಸ್ತೆ ದಾಟಿ ಮೈದಾನದ ಶಾಮಿಯಾನದ ಕಡೆ ಹೊರಟರು. "ನೀವು ನಿಧಾನಕ್ಕೆ ಬನ್ನಿ ಸಾರ್, ಐದು ನಿಮಿಷ."

ಪಾರ್ಕಿನ ಮೂಲೆಯಲ್ಲಿ ಗಿಡಗಳಿಗೆ ನೀರು ಹಾಕುವ ಒಂದು ನಲ್ಲಿ. ಗೋವಿಂದರಾಜು ಅದರ ಮುಂದೆ ಬಗ್ಗಿ ಮುಖ ತೊಳೆಯುತ್ತಿದ್ದ. ನೀರು ಕೆಂಪಾಗಿ ಹುಲ್ಲಿಗೆ ಹೋಗುತ್ತಿತ್ತು. ರುದ್ರಸ್ವಾಮಿ ಅವನ ಹಿಂದಿನಿಂದ ಸುತ್ತಿ ಬಲಕ್ಕೆ ಬಂದು ನಿಂತ. ಈ ಒಂದು ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ನಾನೇ ಒಡೆದದ್ದು" ಅಂದ.

"ಗೊತ್ತು. ಇನ್ಯಾರು ಒಡೀತಾರೆ ಅದನ್ನ?" ಗೋವಿಂದರಾಜು ಮೂಗು ಹಿಂಡಿಕೊಂಡ.

"ಅವತ್ತೂ ಕಲ್ಲಿತ್ತು ಗೋವಿಂದ."

"ಅದನ್ನ ನನಗೆ ಹೇಳ್ತೀಯಲ್ಲೋ. ನನ್ ಕಿವಿಗೆ ಗೊತ್ತಿಲ್ವಾ?" ಅವನು ನೆಟ್ಟಗಾದ. ಹತ್ತಿರದಿಂದ ನೋಡಿದರೆ ಹದಿಮೂರರ ಆ ಮುಖ ಇನ್ನೂ ಅಲ್ಲೇ ಎಲ್ಲೋ ಇತ್ತು. ಅವತ್ತು ಆ ಮುಖ ಏಟು ಬಿದ್ದ ಮೇಲೂ ಒಂದು ಕ್ಷಣ ನಗುತ್ತಲೇ ಇತ್ತು, ಎಡಗಿವಿಯಿಂದ ರಕ್ತ ಬಂದದ್ದು ಅವನಿಗೇ ಗೊತ್ತಾಗಿರಲಿಲ್ಲ. ಮೇಷ್ಟ್ರು ಓಡಿ ಬಂದಾಗ ರುದ್ರಸ್ವಾಮಿ ಖಾಲಿ ಸ್ಕಾರ್ಫು ತೋರಿಸಿ, "ಏನೂ ಆಗಿರಲ್ಲ ಸಾರ್, ಬಟ್ಟೆ ಗಂಟು ಅಷ್ಟೇ" ಅಂದಿದ್ದ. ಕಲ್ಲಿತ್ತು ಕಲ್ಲಿತ್ತು ಎಂದು ಹುಡುಗ ಆಸ್ಪತ್ರೆಯಲ್ಲೂ ಅರಚಿದನಂತೆ. ತಿಂಗಳ ಮೇಲೆ, ನಾಯಕನ ಮೇಲೆ ಸುಳ್ಳು ಹೇಳಿದನೆಂದು ಅವನ ಸ್ಕಾರ್ಫು ಇಸಿದುಕೊಂಡು ದಳದಿಂದ ತೆಗೆದರು. ಸ್ಕಾರ್ಫು ಇಸಿದುಕೊಂಡವನು ನಾಯಕನೇ.

"ನೀನು ದಿನಾ ಬಂದು ಕೂರ್ತಿದ್ದೆ. ನನ್ನ ಮಾನ ತೆಗೀತೀಯ ಅಂತ…" ಅಂದ ರುದ್ರಸ್ವಾಮಿ.

"ನಿನ್ನ ಮಾನ ತಗೊಂಡು ನಾನೇನು ಮಾಡ್ಲೋ?" ಗೋವಿಂದರಾಜುವಿನ ದನಿ ಮೊದಲ ಸಲ ಏರಿತು. "ನಮ್ಮಪ್ಪ ಸಾಯೋವರ್ಗೂ ನನ್ನ ನಂಬ್ಲಿಲ್ಲ. ದಳದೋರು ಸುಳ್ಳು ಹೇಳ್ತಾರಾ, ನೀನೇ ಎಲ್ಲೋ ಬಿದ್ದಿರ್ತೀಯ ಅನ್ನೋರು. ಹೆಂಡ್ತಿ, ಹಳೇದೆಲ್ಲಾ ಬಿಡಿ ಅನ್ನೋಳು. ಕೊನೆಕೊನೆಗೆ ನನಗೇ ಅನುಮಾನ ಬಂದ್ಬುಡ್ತು ಕಣೋ, ಕಲ್ಲಿತ್ತೋ ಇಲ್ವೋ ಅಂತ. ಎರಡು ತಿಂಗಳ ಹಿಂದೆ ಇಲ್ಲಿ ಬಂದು ನೋಡ್ತೀನಿ, ನಿನ್ನ ಎದೆ ಮೇಲೆ ಕೂತಿದೆ. ಬೆಳಿಗ್ಗೆ ತೆಗೆದ ಫೋಟೋ ಅದು. ನಾನು ಅಲ್ಲೇ ನಿಂತಿದ್ದೆ. ಬೆಳಿಗ್ಗೇನೇ ಇತ್ತು ಕಲ್ಲು. ಮೊಮ್ಮಗಳಿಗೆ ತೋರಿಸ್ದೆ. ಮುಟ್ಟಿ ನೋಡಿ, ಬಟ್ಟೆ ಗಂಟು ಹೀಗಿರಲ್ಲ ತಾತಾ, ಒಳಗೇನೋ ಇದೆ ಅಂದ್ಳು. ಅಷ್ಟೇ. ಇಷ್ಟು ವರ್ಷಕ್ಕೆ ಒಬ್ಳು ಅಂದ್ಳು." ಅವನು ಒದ್ದೆ ಕೈಯನ್ನು ಚಾಚಿದ. "ಎಲ್ಲಿದೆ ಅದು? ನಿನ್ನ ಹತ್ರಾನೇ ಇದೆ. ಜೇಬಿಂದ ಕೈ ತೆಗೆದಿಲ್ಲ ನೀನು."

"ಮೊಬೈಲಲ್ಲಿ ಎಲ್ಲರ ಹತ್ರಾನೂ ಪ್ರತಿಮೆ ಚಿತ್ರ ಇರುತ್ತೆ…"

"ಈಗಿನ ಕಾಲ್ದಲ್ಲಿ ಮೊಬೈಲ್ ಚಿತ್ರ ಯಾರು ನಂಬ್ತಾರೆ? ಅದನ್ನ ಕೈಯಲ್ಲಿ ಹಿಡ್ಕೊಂಡು ಆ ಮೈಕಿನ ಮುಂದೆ ಹೇಳು. ಆಗಲ್ವಾ, ನನಗೆ ಕೊಟ್ಬುಡು. ನಿನ್ನ ಹೆಸರು ಯಾರಿಗೂ ಹೇಳಲ್ಲ. ನನ್ ಮೊಮ್ಮಗಳಿಗೆ ಕೊಡ್ತೀನಿ."

ಎಷ್ಟು ಸಣ್ಣದನ್ನು ಕೇಳುತ್ತಿದ್ದಾನೆ ಎಂದು ರುದ್ರಸ್ವಾಮಿಗೆ ಅಳು ಬರುವಂತಾಯಿತು. ಕೊಡುತ್ತೇನೆ ಅಂದುಕೊಂಡ. ಕೊಡಬೇಕೆಂದೇ ಕೈಗೆ ಹೇಳಿದ. ಜೇಬಿನೊಳಗೆ ಮುಷ್ಟಿ ಇನ್ನಷ್ಟು ಬಿಗಿಯಿತು, ತುಂಡಿನ ಚೂಪು ಅಂಗೈಗೆ ಇಳಿಯಿತು.

ಗೋವಿಂದರಾಜು ಅವನ ಮುಂಗೈ ಹಿಡಿದು ಎಳೆದ. ಮುಷ್ಟಿ ಹೊರಗೆ ಬಂತು, ಬಿಚ್ಚಿಕೊಳ್ಳಲಿಲ್ಲ. ವಾಚಿನ ಸಣ್ಣ ಸ್ಕ್ರೂ ತಿರುಗಿಸಿ ಪಳಗಿದ ಬೆರಳುಗಳು ಅವನ ಒಂದೊಂದೇ ಬೆರಳನ್ನು ಎತ್ತತೊಡಗಿದವು. ಒಂದನ್ನು ಎತ್ತಿದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಅರವತ್ತರ ಆಸುಪಾಸಿನ ಇಬ್ಬರು ಗಂಡಸರು ನಲ್ಲಿಯ ಕೆಸರಲ್ಲಿ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. "ಕೊಡೋ, ಕೊಡೋ" ಅನ್ನುತ್ತಿದ್ದ ಗೋವಿಂದರಾಜು, ಹುಡುಗನ ದನಿಯಲ್ಲಿ. ರುದ್ರಸ್ವಾಮಿ ಇನ್ನೊಂದು ಕೈಯಿಂದ ಅವನ ಎದೆಗೆ ಗುದ್ದಿದ, ಮತ್ತೆ ಗುದ್ದಿದ. ಎರಡು ಬೆರಳು ಬಿಚ್ಚಿದವು. ಆಗ ಶಾಮಿಯಾನದ ಕಡೆಯಿಂದ ಕೂಗು ಬಂತು. "ಸಾರ್ ಮೇಲೆ ಕೈ ಮಾಡ್ತಿದಾನೆ ನೋಡ್ರೋ." ಗೋವಿಂದರಾಜುವಿನ ಭುಜದ ಮೇಲಿನಿಂದ ಅವರು ಓಡಿ ಬರುತ್ತಿದ್ದುದು ಕಾಣುತ್ತಿತ್ತು. ಮುಂದೆ ಪ್ರದ್ಯುಮ್ನ, ಓಡುತ್ತಲೇ ಕೊರಳಿನಿಂದ ಸ್ಕಾರ್ಫು ಎಳೆದುಕೊಳ್ಳುತ್ತಿದ್ದ. ಅವರು ಬರುತ್ತಿದ್ದುದು ಎಡಗಡೆಯಿಂದ. ಗೋವಿಂದರಾಜುವಿಗೆ ಕೇಳಿಸುತ್ತಿರಲಿಲ್ಲ. ಅವನು ಬಗ್ಗಿಕೊಂಡು ಮೂರನೆಯ ಬೆರಳನ್ನು ಎತ್ತುವುದರಲ್ಲೇ ಇದ್ದ. ಗೇಟಿನಿಂದ ನಲ್ಲಿಯವರೆಗೆ ಇಪ್ಪತ್ತು ಹೆಜ್ಜೆ. ಬೇಡ ಅನ್ನಲು ಸಾಕಷ್ಟು ಸಮಯ. ಅವನನ್ನು ತನ್ನ ಕಡೆ ಎಳೆದುಕೊಳ್ಳಲು, ಮುಷ್ಟಿ ತೆರೆದು ಎಲ್ಲರಿಗೂ ಕಾಣುವಂತೆ ಮೇಲೆತ್ತಲು ಸಾಕಷ್ಟು ಸಮಯ. ರುದ್ರಸ್ವಾಮಿ ಕೈ ಕಿತ್ತುಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಗಂಟು ಎಡಗಿವಿಯ ಮೇಲೇ ಬಿತ್ತು. ಗೋವಿಂದರಾಜು ಬಲಕ್ಕೆ ಉರುಳಿದ, ತಲೆ ನಲ್ಲಿಯ ಕಟ್ಟೆಗೆ ಬಡಿಯಿತು. ಎದ್ದು ಕೂರಲು ನೋಡಿ ಆಗದೆ ಮಲಗಿದ. ಬಾಯಿ ಅಲುಗುತ್ತಿತ್ತು. ಪ್ರದ್ಯುಮ್ನ ರುದ್ರಸ್ವಾಮಿಯನ್ನು ತೋಳಲ್ಲಿ ಬಳಸಿ ಹಿಡಿದು, "ನಿಮಗೇನೂ ಆಗ್ಲಿಲ್ವಲ್ಲಾ ಸಾರ್? ಕೈಯಲ್ಲಿ ರಕ್ತ ಬರ್ತಿದೆ" ಅಂದ. ರುದ್ರಸ್ವಾಮಿ ಮುಷ್ಟಿಯನ್ನು ಜೇಬಿಗೆ ಹಾಕಿದ. ಕೆಳಗೆ ಬಿದ್ದವನಿಂದ ಕಣ್ಣು ಕೀಳಲಾಗದೆ ಅವನು ನಿಂತಿದ್ದನ್ನು ನೋಡಿ ಪ್ರದ್ಯುಮ್ನ ಸ್ಕಾರ್ಫನ್ನು ಮತ್ತೆ ಕೊರಳಿಗೆ ಸುತ್ತಿಕೊಳ್ಳುತ್ತ, "ಅವನಿಗೇನೂ ಆಗಿರಲ್ಲ ಬಿಡಿ ಸಾರ್. ಬಟ್ಟೆ ಗಂಟು ಅಷ್ಟೇ" ಅಂದ.

"ಹೌದು" ಅಂದ ರುದ್ರಸ್ವಾಮಿ.

ಮೈದಾನದಿಂದ ಮೈಕಿನಲ್ಲಿ ಅವನ ಹೆಸರು ಕರೆಯುತ್ತಿದ್ದರು. ಅವನು ನಡೆದ.